ಅರವತ್ತು ಕಿಲೋದ ಇಬ್ಬರು ಚಾಂಪಿಯನ್ನರು

ಗೋವಾದ ಮ್ಹಾಪಸಾ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಅಂಗಡಿ. ರಬ್ಬರ್ ಸ್ಟಾಂಪು, ನಾಮಫಲಕ, ಟ್ರೋಫಿ ಮಾಡಿಕೊಡುತ್ತೇನೆ. ಹತ್ತೊಂಬತ್ತು ವರ್ಷ ಒಂದೇ ಮೇಜಿನ ಹಿಂದೆ ಕೂತು ಕಂಡುಕೊಂಡಿದ್ದು ಇಷ್ಟು: ಒಂದು ಸಂಘ ಹುಟ್ಟಬೇಕಾದರೆ ಒಬ್ಬ ಸಿಟ್ಟಿಗೆದ್ದ ಗಂಡಸು ಮತ್ತು ಒಂದು ದುಂಡನೆಯ ಸ್ಟಾಂಪು ಸಾಕು. ಸಿಟ್ಟನ್ನು ಅವರೇ ತರುತ್ತಾರೆ, ಸ್ಟಾಂಪು ನಾನು ಕೊಡುತ್ತೇನೆ.

ಬಾಕ್ಸಿಂಗ್ ಸಂಘವೂ ಹಾಗೆಯೇ ಎರಡಾಯಿತು. ಮೊದಲಿದ್ದದ್ದು ಒಂದೇ. ಒಂದು ಪಂದ್ಯದ ದಿನ ಮುಖ್ಯ ಅತಿಥಿಗೆ ಶಾಲು ಯಾರು ಹೊದಿಸಬೇಕೆಂದು ಅಧ್ಯಕ್ಷರಾಗಿದ್ದ ಜಿಮ್ಮಿನ ಮಾಲೀಕರಿಗೂ ಶಾಮಿಯಾನ ಬಾಡಿಗೆಗೆ ಕೊಡುವವರಿಗೂ ಜಟಾಪಟಿಯಾಗಿ, ಅವರು ಈ ತುದಿ ಇವರು ಆ ತುದಿ ಹಿಡಿದು ನಿಂತಿರುವಾಗಲೇ ಅತಿಥಿ ಎದ್ದು ಹೋದರು. ಮುಂದಿನ ಶುಕ್ರವಾರ, ಸಂತೆಯ ಗದ್ದಲದ ನಡುವೆ, ಶಾಮಿಯಾನದವರು ನನ್ನ ಅಂಗಡಿಗೆ ಬಂದು ತಾವೂ ಈಗ ಒಂದು ಸಂಘದ ಅಧ್ಯಕ್ಷರೆಂದು ತಿಳಿಸಿದರು. ಸ್ಟಾಂಪು ಸಂಜೆಯೊಳಗೆ ಬೇಕಂತೆ. ನನ್ನ ಹತ್ತಿರ ಗ್ಲೌಸಿನ ಚಿತ್ರ ಇದ್ದದ್ದು ಒಂದೇ. ಎರಡೂ ಸಂಘಕ್ಕೆ ಅದನ್ನೇ ಹಾಕಿಕೊಟ್ಟೆ. ತಮ್ಮದೇ ಅಸಲಿ, ಅವರದು ನಕಲು ಎಂದು ಇಬ್ಬರೂ ಊರೆಲ್ಲ ಹೇಳಿಕೊಂಡು ಓಡಾಡಿದರು.

ನನಗಿದೆಲ್ಲ ತಮಾಷೆಯಾಗಿಯೇ ಇತ್ತು, ನನ್ನ ತಮ್ಮ ಅದರೊಳಗೆ ಸಿಕ್ಕಿಬೀಳುವ ತನಕ.

ತಮ್ಮನದು ಸೆಂಟ್ರಿಂಗ್ ಕೆಲಸ. ಹಗಲೆಲ್ಲ ಸ್ಲ್ಯಾಬಿಗೆ ಹಲಗೆ ಕಟ್ಟುತ್ತಾನೆ, ಸಂಜೆ ಜಿಮ್ಮಿಗೆ ಹೋಗಿ ಗುದ್ದುತ್ತಾನೆ. ಜಿಮ್ಮಿನವರ ಸಂಘ ಅವನಿಗೆ ಅರವತ್ತು ಕಿಲೋ ತೂಕದ ಗೋವಾ ಚಾಂಪಿಯನ್ ಬೆಲ್ಟ್ ಕೊಟ್ಟಿತು. ಎರಡೇ ತಿಂಗಳಲ್ಲಿ ಶಾಮಿಯಾನದವರ ಸಂಘ ಅದೇ ತೂಕಕ್ಕೆ ಇನ್ನೊಂದು ಬೆಲ್ಟನ್ನು, ಬೆಳಗಾವಿಯಿಂದ ತರಕಾರಿ ತರುವ ಟೆಂಪೋ ಡ್ರೈವರನಿಗೆ ಕೊಟ್ಟಿತು. ಎರಡರ ಹಿತ್ತಾಳೆ ಫಲಕವನ್ನೂ ಕೊರೆದವಳು ನಾನೇ. ಇಬ್ಬರ ಖೋಲಿಯೂ ಒಂದೇ ಚಾಳಿನ ಸಾಲುಮನೆಗಳಲ್ಲಿ. ಎದುರಿನ ಚಹಾದವನು "ಚಾಂಪಿಯನ್‌ಗ ಒಂದ ಚಾ" ಎಂದರೆ ಎರಡು ಕೈ ಮುಂದೆ ಬರುತ್ತಿದ್ದವು.

ಇಬ್ಬರೂ ಒಬ್ಬರ ಎದುರೊಬ್ಬರು ಆಡಲು ತಯಾರಿದ್ದರು. ಅಧ್ಯಕ್ಷರು ಬಿಡಬೇಕಲ್ಲ! ಸೋತವನ ಸಂಘದ ಮಾನ ಹೋಗುತ್ತದೆ. ಅದಕ್ಕೆ ಜಿಮ್ಮಿನವರು ತಮ್ಮನ ಎದುರಿಗೆ ದೂರದ ಕಾಣಕೋಣದಿಂದ ಒಬ್ಬ ಹೋಟೆಲ್ ವೇಟರನನ್ನು ಹಿಡಿದು ತಂದರು. ಆ ಪುಣ್ಯಾತ್ಮ ಎರಡನೇ ಸುತ್ತಿನಲ್ಲಿ ಯಾರೂ ಹೊಡೆಯದೆಯೇ ಕೂತುಬಿಟ್ಟ.

ಮರುದಿನ ತಮ್ಮ ಬೆಲ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಬಂದ.

"ಅಕ್ಕಾ, ನನಗ ಮೂವತ್ಮೂರಾತು. ಈ ಮಳಿಗಾಲ ಮುಗದ್ರ ಆಟ ಬಿಡ್ತೇನಿ. ಬಿಡೂಕಿಂತ ಮೊದಲ ನಾ ಖರೇ ಚಾಂಪಿಯನ್ ಹೌದೋ ಅಲ್ಲೋ, ಅಷ್ಟ ಗೊತ್ತಾಗಬೇಕು."

"ಬೆಲ್ಟಿನ ಮ್ಯಾಲ ನಾನ ಬರದೇನಲ್ಲೋ," ಎಂದೆ.

"ಅದಕ್ಕ ಕೇಳಾಕತ್ತೇನಿ," ಎಂದ.

ನನಗೆ ಸಿಟ್ಟು ಬಂತು. ಮಾತು ಸರಿಯಾಗಿದ್ದರಿಂದ ಇನ್ನೂ ಜಾಸ್ತಿ ಬಂತು. ಆ ಶುಕ್ರವಾರ ಇಬ್ಬರು ಅಧ್ಯಕ್ಷರೂ ಬೇರೆ ಬೇರೆ ಹೊತ್ತಿಗೆ ಹೊಸ ಬೆಲ್ಟ್ ಮಾಡಿಸಲು ಬಂದಾಗ ಇಬ್ಬರಿಗೂ ಒಂದೇ ಮಾತು ಹೇಳಿದೆ: ಒಂದು ತೂಕಕ್ಕೆ ಒಂದೇ ಬೆಲ್ಟು, ಇಬ್ಬರೂ ಕೂಡಿ ಬಂದರೆ ಮಾಡಿಕೊಡುತ್ತೇನೆ. ಪಣಜಿಗೆ ಹೋಗುತ್ತೇವೆ ಎಂದು ಹೆದರಿಸಿದರು. ಅಲ್ಲಿಯ ಅಂಗಡಿಯವರು ಸಂಘದ ನೋಂದಣಿ ಪತ್ರ ಕೇಳುತ್ತಾರೆ. ಅದು ಇಬ್ಬರ ಹತ್ತಿರವೂ ಇರಲಿಲ್ಲ.

ಕೊನೆಗೆ ಸಭೆ ನನ್ನ ಅಂಗಡಿಯಲ್ಲೇ ನಡೆಯಿತು. ಒಬ್ಬರ ಜಾಗಕ್ಕೆ ಇನ್ನೊಬ್ಬರು ಬರಲು ಒಪ್ಪಲಿಲ್ಲ. ಒಂದೇ ಎತ್ತರದ ಎರಡು ಸ್ಟೂಲು ಹುಡುಕುವುದರಲ್ಲೇ ನನಗೆ ಸಾಕುಬೇಕಾಯಿತು. ನಾನು ಕಂಪ್ಯೂಟರಿನಲ್ಲಿ ನಿಯಮ ಬಡಿಯುತ್ತಾ ಹೋದೆ. ತೂಕಕ್ಕೊಬ್ಬನೇ ಚಾಂಪಿಯನ್. ಎದುರಾಳಿಯನ್ನು ಅಧ್ಯಕ್ಷರು ಆರಿಸುವಂತಿಲ್ಲ. ತೀರ್ಪುಗಾರರು ಹೊರಗಿನವರು, ಅವರ ಅಂಕದ ಹಾಳೆಯನ್ನು ಪಂದ್ಯ ಮುಗಿದ ಕೂಡಲೇ ಗೋಡೆಗೆ ಹಚ್ಚಬೇಕು. ಆಮೇಲೆ, ಶಾಮಿಯಾನದವರ ಅಳಿಯ ಪ್ರತಿ ಸಲ ತೀರ್ಪುಗಾರನಾಗಿ ಕೂರುವುದು ನೆನಪಾಗಿ, ನನ್ನದೇ ಬುದ್ಧಿಯಿಂದ ಒಂದು ಸೇರಿಸಿದೆ: ಅಧ್ಯಕ್ಷರ ಅಥವಾ ಆಟಗಾರರ ಸಂಬಂಧಿಕರು ಯಾವ ಕೆಲಸಕ್ಕೂ ಕೂರುವಂತಿಲ್ಲ.

ಶಾಮಿಯಾನದವರು ಅದನ್ನು ನಿಧಾನಕ್ಕೆ ಓದಿದರು. "ಭಾಳ ಚಲೋ ಆತ್ರಿ ಅಕ್ಕಾರ. ಹಂಗಾರ ಅಂಕದ ಚೀಟಿ ಕೂಡಿಸೂ ಕೆಲಸಕ್ಕ ಬ್ಯಾರೆಯವರನ್ನ ನೋಡೋಣ್ರಿ. ನೀವು ಅವನ ಅಕ್ಕ ಅಲ್ರಿ?"

ಆ ಕೆಲಸವನ್ನು ನಾನು ಮನಸ್ಸಿನಲ್ಲೇ ನನಗಾಗಿ ಎತ್ತಿಟ್ಟುಕೊಂಡಿದ್ದೆ. ತೆಪ್ಪಗೆ ಪ್ರಿಂಟ್ ಕೊಟ್ಟೆ.

ಒಂದು ಭಾನುವಾರ ಬೆಳಿಗ್ಗೆ ಪಂದ್ಯ ನಡೆಯಿತು, ಎಂಟು ಸುತ್ತು. ನನ್ನನ್ನು ಕೊನೆಯ ಸಾಲಿಗೆ ಕೂರಿಸಿದರು. ಕೂತರೇನಾಯಿತು, ಲೆಕ್ಕ ನನಗೂ ಬರುತ್ತದೆ. ರಸೀದಿ ಪುಸ್ತಕದ ಹಿಂಬದಿಯಲ್ಲಿ ತಮ್ಮನ ಏಟಿಗೆ ಒಂದು ಕಡೆ, ಡ್ರೈವರನ ಏಟಿಗೆ ಇನ್ನೊಂದು ಕಡೆ ಗೆರೆ ಎಳೆಯುತ್ತಾ ಹೋದೆ. ಮುಗಿಯುವ ಹೊತ್ತಿಗೆ ತಮ್ಮನ ಕಡೆ ಪುಟ ತುಂಬಿತ್ತು, ಡ್ರೈವರನ ಕಡೆ ಮೂರು ಮತ್ತೊಂದು. ಗೋಡೆಗೆ ಹಾಳೆ ಹಚ್ಚಿದರು. ಮೂವರು ತೀರ್ಪುಗಾರರೂ ಡ್ರೈವರನನ್ನೇ ಗೆಲ್ಲಿಸಿದ್ದರು.

ನನ್ನ ಮೈಯೆಲ್ಲ ಉರಿದುಹೋಯಿತು. ಒಂದು ಗಂಟೆಯೊಳಗೆ ತಕರಾರು ಸಲ್ಲಿಸಬಹುದೆಂದು ನಾನೇ ಬರೆದಿದ್ದೆ, ಅದರ ನಮೂನೆಯೂ ಚೀಲದಲ್ಲಿತ್ತು. ಹಿಂದಿನ ಕೋಣೆಗೆ ನುಗ್ಗಿದೆ. ತಮ್ಮ ತುಟಿಗೆ ಐಸ್ ಒತ್ತಿಕೊಂಡು ಕೂತಿದ್ದ. ಪಕ್ಕದಲ್ಲಿ ಡ್ರೈವರ್, ಅದೇ ಐಸಿಗೆ ಪಾಳಿ ಕಾಯುತ್ತಿದ್ದ.

"ಸಹಿ ಮಾಡು," ಎಂದು ಕಾಗದವನ್ನೂ ನನ್ನ ಲೆಕ್ಕವನ್ನೂ ಮುಂದಿಟ್ಟೆ.

ತಮ್ಮ ಗೆರೆಗಳನ್ನು ನೋಡಿದ. ನಗಲು ಹೋಗಿ ತುಟಿ ನೋವಾಗಿ ನಿಲ್ಲಿಸಿದ. "ಅಕ್ಕಾ, ಐದನೇ ರೌಂಡಿನ್ಯಾಗ ಇಂವಾ ನನಗ ಎಷ್ಟ ಹೊಡದಾನ?"

"ಒಂದೂ ಇಲ್ಲ. ಬರದೇನಿ ನೋಡು."

"ನನ್ನ ಪಕ್ಕೆಲುಬ ಕೇಳು. ಮೂಲ್ಯಾಗ ಕುಂತಾಗ ಜಿಮ್ಮಿನ ಹುಡುಗರು ಹೇಳಿದ್ರು, ನಿಮ್ಮಕ್ಕನ್ನ ನೋಡು ಅಂತ. ಆಮ್ಯಾಲ ನಾನೂ ನೋಡ್ದೆ. ನನಗ ಏಟ ಬೀಳೂದು ಕಂಡ ಕೂಡಲೇ ನೀ ಕಣ್ಣ ಮುಚ್ಚಿಕೋತಿದ್ದಿ."

"ಹೌದ್ರಿ ಅಕ್ಕಾರ," ಎಂದ ಡ್ರೈವರ್, ನೆಲ ನೋಡುತ್ತಾ. "ನಾನೂ ನೋಡೇನ್ರಿ."

ನಮೂನೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ನನಗೆ ನಾಚಿಕೆಯಾಯಿತು. ಜೊತೆಗೆ, ಮೂವರೂ ಹೊರಗಿನವರು ಕಣ್ಣು ಬಿಟ್ಟುಕೊಂಡು ಕೂತಿದ್ದರಲ್ಲ ಎಂದು ಸಮಾಧಾನವೂ ಆಯಿತು.

ಸೋಮವಾರ ತಮ್ಮನೂ ಡ್ರೈವರನೂ ಅಂಗಡಿಗೆ ಬಂದರು. ಎರಡು ಬೆಲ್ಟು ಹೋಗಿ ಒಂದಾಗಬೇಕಿತ್ತು. ತಮ್ಮನ ಫಲಕ ದಪ್ಪನೆಯದು, ಅದನ್ನೇ ಮಗುಚಿ ಹಿಂಬದಿಗೆ ಹೊಸ ಹೆಸರು ಕೊರೆಯುವುದೆಂದು ಠರಾವಾಗಿತ್ತು. ತಮ್ಮ ತಾನೇ ಕೂತು ಅದರ ಸ್ಕ್ರೂ ಬಿಚ್ಚಿದ.

"ಇಷ್ಟ ದಿನ ಸುಳ್ಳ ಒಂದನೇ ನಂಬರ ಇದ್ದೆ ಅಕ್ಕಾ. ಈಗ ಖರೇ ಎರಡನೇ ನಂಬರ," ಎಂದ. ಮುಖದಲ್ಲಿ ಬೇಜಾರಿತ್ತು, ಅನುಮಾನವಿರಲಿಲ್ಲ.

ಮಶಿನು ಚಾಲೂ ಮಾಡಿದೆ. ಅವನೇ ಗೆಲ್ಲಬೇಕಿತ್ತು ಎಂಬ ಆಸೆ ನನಗೆ ಹೋಗಿರಲಿಲ್ಲ, ಈಗಲೂ ಹೋಗಿಲ್ಲ. ಕಣ್ಣಲ್ಲಿ ನೀರು ತುಂಬಿ ಗೆರೆ ಕಾಣದಾಯಿತು. ತಮ್ಮ ಪಕ್ಕಕ್ಕೆ ಬಂದು ನಿಂತು, ಚೀಟಿ ಹಿಡಿದು, ತನ್ನನ್ನು ಸೋಲಿಸಿದವನ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿ ಹೇಳತೊಡಗಿದ. ಮೂರನೆಯ ಅಕ್ಷರಕ್ಕೆ ಬಂದಾಗ ನನ್ನ ಕೈ ಹಿಡಿದು ನಿಲ್ಲಿಸಿದ.

"ತಡಿ ಅಕ್ಕಾ. ಅವನ ಹೆಸರಿಗೆ ಇಲ್ಲೊಂದು ದೀರ್ಘ ಐತಿ. ಬಿಡಬ್ಯಾಡ."