ಸುಮಂಗಲಾ ಮೇಡಮ್ಮೋರ ನೀರಿನ ಕುಂಡಗಳು

ಸುಮಂಗಲಾ ಮೇಡಂ ಎದುರಿಗೆ ಬಂದವರ ಉಗುರು ನೋಡಿ, ಆಮೇಲೆ ಮುಖ ನೋಡುತ್ತಿದ್ದರು. ವಿಜಯಪುರದ ನಮ್ಮ ಸಸ್ಯರೋಗ ಲ್ಯಾಬಿಗೆ ನಾನು ಸೇರಿದ ದಿನ ನನ್ನ ಕೈ ತಿರುಗಿಸಿ ನೋಡಿ, "ಯಪ್ಪಾ, ಇದೇನ ಕೈಯೋ ಹೊಲಾ ಹರಗೂ ಕುಂಟಿಯೋ?" ಎಂದರು.

ಬಬಲೇಶ್ವರದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಅವರ ಚೀಲದಲ್ಲಿ ಬುತ್ತಿಯ ಪಕ್ಕ ಒಂದು ಸೋಪು ಇರಲೇಬೇಕು. ತಂಬಾಕಿನ ಗಿಡ ಮುಟ್ಟುವ ಮೊದಲು ಕೈ ತೊಳೆದು, ಹಾಲಿನ ಪುಡಿ ಕಲಸಿದ ನೀರಿನಲ್ಲಿ ಅದ್ದಬೇಕು. "ಒಂದ ವೈರಸ್ ಐತಿ ತಮ್ಮಾ, ಕೈಗೆ ಅಂಟಿ ಗಿಡದಿಂದ ಗಿಡಕ್ಕ ಹೋಗತೈತಿ. ತಂಬಾಕ ತಿನ್ನವ್ರ ಕೈಯಾಗಂತೂ ಮನಿ ಮಾಡಿರತೈತಿ," ಎನ್ನುತ್ತಿದ್ದರು. ನನಗೆ ಇದೆಲ್ಲ ಮಡಿ-ಮೈಲಿಗೆಯಂತೆ ಕಾಣುತ್ತಿತ್ತು. ಆ ಹಾಲಿನ ಪುಡಿಯಲ್ಲಿ ನಾನು ಭರ್ಜರಿ ಚಹಾ ಮಾಡಿಕೊಳ್ಳುತ್ತಿದ್ದೆ. ಚಹಾದ ಮೇಲೆ ಒಂದು ಚಿಟಿಕೆ ತಂಬಾಕು.

ಕನಮಡಿಯ ರೈತ ಗುರುಪಾದಣ್ಣ ಒಮ್ಮೆ ಮುದುಡಿದ ತಂಬಾಕಿನ ಎಲೆ ತಂದ. ಹೊಲದಲ್ಲಿ ಕೆಲವು ಗಿಡ ಕೆಟ್ಟಿದ್ದವು. ಅವನ್ನು ಮುಟ್ಟಿದ ಕೈಯಲ್ಲೇ ನಾಲ್ಕು ಸಸಿಮಡಿಗಳ ಹೊಸ ಸಸಿಗಳನ್ನೂ ನೋಡಿಕೊಂಡಿದ್ದ. ಕೈಯಿಂದ ಹರಡುವ ವೈರಸ್ ಆಗಿದ್ದರೆ ಸಸಿಗಳನ್ನೆಲ್ಲ ಕೀಳಬೇಕು. ಬಿಳಿನೊಣ ತರುವಂಥದ್ದಾದರೆ ಪರದೆ ಕಟ್ಟಿ ಉಳಿಸಬಹುದು.

ಮೇಡಂ ಪರೀಕ್ಷೆಯನ್ನು ನನಗೆ ಒಪ್ಪಿಸಿದರು. ಆರು ಕುಂಡದ ಗಿಡಗಳಿಗೆ ರೋಗದ ಎಲೆಯ ರಸ ಸವರುವುದು, ಇನ್ನು ಆರು ಕುಂಡಕ್ಕೆ ಬರೀ ನೀರು. ಕೆಲ ವಾರಕ್ಕೆ ರಸ ಸವರಿದ ಎಲೆಗಳ ಮೇಲೆ ಹಳದಿ ಮಚ್ಚೆ! ಸನ್ಮಾನದ ಶಾಲು ಭುಜದ ಮೇಲೆ ಬಿದ್ದೇ ಬಿಟ್ಟಿತು ಅನ್ನಿಸಿತು. ಮೇಡಂ ಬರುವ ಮೊದಲೇ ಫೋನ್ ಹಚ್ಚಿ, "ಗುರುಪಾದಣ್ಣಾ, ಮಡ್ಯಾಗಿನ ಅಗಿ ಎಲ್ಲಾ ಕಿತ್ತ ಒಗೀರಿ," ಎಂದೆ.

ಮೇಡಂ ಬಂದವರೇ ನೇರ ಹಿಂದಿನ ಸಾಲಿಗೆ ಹೋದರು.

"ನೀರಿನ ಕುಂಡ ನೋಡಿದೇನು?"

"ನೀರಾಗ ಏನ್ ನೋಡೂದೈತ್ರಿ?"

ನೋಡಿದೆ. ಅಲ್ಲೂ ಅದೇ ಮಚ್ಚೆ. ಆ ರೋಗ ಕನಮಡಿಯಿಂದ ಬಂದಿರಲಿಲ್ಲ, ನನ್ನ ಜೇಬಿನ ತಂಬಾಕಿನಿಂದ ಬಂದಿತ್ತು.

ಗುರುಪಾದಣ್ಣ ಫೋನ್ ಎತ್ತಲಿಲ್ಲ. ತಿಕೋಟಾ ಹಾದು ಕನಮಡಿಗೆ ಹೋಗುವ ಬಸ್ ಹಿಡಿದೆವು. ಬೈಗುಳಕ್ಕೆ ಕಾಯುತ್ತ ಕೂತಿದ್ದೆ. ಅವರು ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ಮುಂದಿಟ್ಟರು. "ಉಣ್ಣು. ಹಸದ ಹೊಟ್ಟ್ಯಾಗ ತಪ್ಪ ಒಪ್ಕೊಳ್ಳಾಕ ಆಗೂದಿಲ್ಲ."

ನಾವು ಹೊಲ ಮುಟ್ಟುವಷ್ಟರಲ್ಲಿ ಒಂದು ಮಡಿ ಖಾಲಿ. ಎರಡನೆಯದಕ್ಕೆ ಗುರುಪಾದಣ್ಣ ಕೈ ಹಾಕಿದ್ದ.

"ನಿಲ್ಸ್ರಿ ಅಣ್ಣಾರ, ತಪ್ಪ ನಮ್ದೈತಿ," ಎಂದರು ಮೇಡಂ. ನನ್ನ ಕಡೆ ನೋಡಲೂ ಇಲ್ಲ. ಆ 'ನಮ್ದು' ಎಂಬ ಮಾತಿಗೆ ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಅದನ್ನು ಕೇಳಿಯೇ ನನಗೆ ಬಾಯಿ ಬಂತು: "ಅವರದಲ್ರಿ, ನಂದು."

"ಲೇ, ಒಬ್ಬನ ಬರಾಕ ಅಂಜಿಕಿ ಬಂತೇನ? ಮೇಡಮ್ಮೋರನ್ನ ಬಿಸಲಾಗ ಎಳಕೊಂಡ ಬಂದಿ!" ಎಂದ ಗುರುಪಾದಣ್ಣ.

ಮೇಡಂ ಅಂದೇ ಉಳಿದ ಮಡಿಗಳಿಗೆ ಪರದೆ ಕಟ್ಟಿಸಿದರು. ಲ್ಯಾಬಿನಲ್ಲಿ ಎಲ್ಲ ಮೊದಲಿನಿಂದ. ತೊಳೆದ ಕೈಯಿಂದ ರಸ ಸವರಿದ ಗಿಡಗಳಿಗೆ ಏನೂ ಆಗಲಿಲ್ಲ. ರೋಗದ ಗಿಡದ ಬಿಳಿನೊಣ ಬಿಟ್ಟ ಗಿಡಗಳು ಮುದುಡಿದವು. ಪಿಸಿಆರ್ ಪರೀಕ್ಷೆಯಲ್ಲೂ ಎಲೆ ಮುದುಡಿಸುವ ವೈರಸ್ಸೇ ಸಿಕ್ಕಿತು. ವರದಿಯಲ್ಲಿ ನನ್ನ ಮೊದಲ ಪರಾಕ್ರಮವನ್ನೂ ನನ್ನಿಂದಲೇ ಬರೆಸಿದರು.

ಮೇಡಂ ನಿವೃತ್ತರಾಗಿ ಧಾರವಾಡದ ಮಗಳ ಮನೆಗೆ ಹೋಗಿದ್ದಾರೆ. ಮೊನ್ನೆ ಹೊನವಾಡದ ಹಿರಿಯರೊಬ್ಬರು ಮುದುಡಿದ ಮೆಣಸಿನ ಗಿಡ ಹಿಡಿದು ಬಂದರು.

"ಮೇಡಮ್ಮೋರೆಲ್ಲಿ?"

"ರಿಟೈರ್ ಆಗ್ಯಾರ್ರಿ."

"ಹಂಗಾರ ನೀವ ಹೇಳ್ರಿ, ಏನ್ ರೋಗ ಇದು?"

ತುಟಿಯವರೆಗೆ ಬಂದ ಉತ್ತರವನ್ನು ನುಂಗಿದೆ. "ನನಗ ಇನ್ನಾ ಗೊತ್ತಿಲ್ರಿ."

"ಗೊತ್ತಿಲ್ಲಂದ್ರ ಇಲ್ಲಿ ಯಾತಕ್ಕ ಕುಂತೀರಿ?"

"ಗೊತ್ತ ಮಾಡ್ಕೊಳ್ಳಾಕ್ರಿ," ಎಂದು ಗಿಡ ಇಸಿದುಕೊಂಡೆ.