ಸವಿತಾಳ ಆ್ಯಂಕಲ್ ಹೋಲ್ಡ್

ಎಂಟು ವರ್ಷ ರಗ್ಬಿ ಸೆವೆನ್ಸ್ ಆಡಿ, ಎಡಭುಜ ಮೂರನೇ ಸಲ ಕಳಚಿದ ಮೇಲೆ ನಾನು ಪುಣೆಯ ಒಂದು ಮಹಿಳಾ ತಂಡಕ್ಕೆ ಕೋಚ್ ಆದೆ. ಇದು ಆ ಮೊದಲ ವರ್ಷದ ಮಾತು. ತಂಡಕ್ಕೆ ಏಳು ಜನ, ಅರ್ಧಕ್ಕೆ ಏಳೇ ನಿಮಿಷ. ಆ ಹದಿನಾಲ್ಕು ನಿಮಿಷದಲ್ಲಿ ಹಲ್ಲು, ಮೂಗು, ಪಕ್ಕೆಲುಬು ಯಾವುದು ಹೋದರೂ ನಮ್ಮವರು ತಲೆ ಕೆಡಿಸಿಕೊಳ್ಳುವುದಿಲ್ಲ. ನಾನೂ ಅದೇ ತಳಿ. ಕೆಲಸ ಕಾಯಂ ಆಗಬೇಕಾದರೆ ಆ ವರ್ಷ ಕಪ್ ಗೆಲ್ಲಲೇಬೇಕಿತ್ತು.

ಸವಿತಾ ಪುಣೆಯದೇ ಧನಕವಡಿಯವಳು, ಬೆಳಗಾವಿ ಕಡೆಯ ಮನೆತನ, ಇಪ್ಪತ್ತೆರಡು ವಯಸ್ಸು. ಕಬಡ್ಡಿ ಬಿಟ್ಟು ಬಂದಿದ್ದಳು. ಮೊದಲ ದಿನವೇ ನಮ್ಮ ಅತಿ ವೇಗದ ಓಟಗಾರ್ತಿಯ ಎದುರು ಬಗ್ಗಿ, ಎರಡೂ ಪಾದದ ಗಿಣ್ಣು ಹಿಡಿದು ಮೂಟೆಯಂತೆ ಕೆಡವಿದಳು. ಕಬಡ್ಡಿಯವರು ಇದಕ್ಕೆ ಆ್ಯಂಕಲ್ ಹೋಲ್ಡ್ ಅನ್ನುತ್ತಾರೆ. ಅಲ್ಲಿ ದಾಳಿಗೆ ಬಂದ ರೇಡರ್ ಸಾಮಾನ್ಯವಾಗಿ ಹಿಂದೆ ಸರಿಯುತ್ತಿರುತ್ತಾಳೆ, ಹಿಡಿಯುವವಳ ತಲೆ ಮುಂದಿದ್ದರೂ ನಡೆಯುತ್ತದೆ. ರಗ್ಬಿಯಲ್ಲಿ ಎದುರಾಳಿ ಪೂರ್ತಿ ವೇಗದಲ್ಲಿ ಮೈಮೇಲೆ ಬರುತ್ತಾಳೆ. ಟ್ಯಾಕಲ್ ಮಾಡುವವಳು, ಅಂದರೆ ಹಿಡಿದು ಕೆಡವುವವಳು, ಪಕ್ಕದಿಂದ ಭುಜ ಕೊಡಬೇಕು, ತಲೆ ಓಡುವವಳ ಹಿಂಬದಿಗಿರಬೇಕು. ಸವಿತಾಳ ತಲೆ ನೇರ ಮೊಣಕಾಲಿನ ದಾರಿಯಲ್ಲಿತ್ತು. ನೋಡಿದೆ. ಮುಂದಿನ ವಾರ ತಿದ್ದೋಣ ಎಂದುಕೊಂಡೆ.

ಮುಂದಿನ ವಾರ ಗೆದ್ದೆವು. ಅದರ ಮುಂದಿನ ವಾರವೂ ಗೆದ್ದೆವು. ಗೆಲ್ಲಿಸುತ್ತಿದ್ದ ಹಿಡಿತಕ್ಕೆ ಕೈ ಹಾಕಲು ನನಗೆ ಮನಸ್ಸು ಬರಲಿಲ್ಲ.

ಫೈನಲ್ ಪುಣೆ ಹತ್ತಿರದ ತಳೇಗಾಂವ ದಾಭಾಡೆಯಲ್ಲಿ. ಮೊದಲರ್ಧದಲ್ಲೇ ನಮ್ಮ ಒಬ್ಬಳ ಹುಬ್ಬು ಸೀಳಿತು, ಇನ್ನೊಬ್ಬಳ ಕಿರುಬೆರಳು ಹಿಂದಕ್ಕೆ ಮಡಚಿಕೊಂಡಿತು. ಟೇಪ್ ಸುತ್ತಿ ಇಬ್ಬರನ್ನೂ ಮತ್ತೆ ಒಳಗೆ ಕಳಿಸಿದೆ. ಕೊನೆಯ ನಿಮಿಷ, ನಾವು ಎರಡು ಪಾಯಿಂಟ್ ಮುಂದೆ. ಎದುರು ತಂಡದ ದೈತ್ಯ ಹುಡುಗಿ ಚೆಂಡು ಹಿಡಿದು ನುಗ್ಗಿದಳು. ಅಡ್ಡ ಇದ್ದದ್ದು ಸವಿತಾ ಒಬ್ಬಳೇ.

"ಖಾಲೀ ಧರ್, ಸವಿತಾ" ಎಂದು ಮರಾಠಿಯಲ್ಲಿ ಕಿರುಚಿದೆ. ಕೆಳಗೇ ಹಿಡಿ ಎಂದು.

ಅವಳು ಹೇಳಿದಷ್ಟೇ ಮಾಡಿದಳು. ಮೊಣಕಾಲು ನೆತ್ತಿಗೆ ಬಡಿದ ಸದ್ದು ಗೆರೆಯಾಚೆ ನಿಂತಿದ್ದ ನನಗೂ ಕೇಳಿಸಿತು. ಓಡುತ್ತಿದ್ದವಳು ಉರುಳಿದಳು, ಚೆಂಡು ಹೊರಗೆ ಹೋಯಿತು, ರೆಫರಿ ಆಟ ಮುಗಿದ ಸೀಟಿ ಊದಿದರು. ನಮ್ಮವರು ಕುಣಿಯತೊಡಗಿದರು. ಕವುಚಿ ಬಿದ್ದಿದ್ದ ಸವಿತಾಳ ಬಾಯಿಂದ ರಕ್ತ ಸುರಿಯುತ್ತಿತ್ತು. ನೆಲಕ್ಕೆ ಕೈಯೂರಿ ಏಳಲು ನೋಡಿದಳು. ಎಡಗೈಗೆ ಬಲ ಬರಲಿಲ್ಲ.

ಕುತ್ತಿಗೆಯ ಮೂಳೆ ಬಿರುಕು ಬಿಟ್ಟಿತ್ತು. ಮೂರನೇ ದಿನ ಆಸ್ಪತ್ರೆಯಲ್ಲಿ, ಕಾಲರ್ ಹಾಕಿಕೊಂಡು ಮಲಗಿದ್ದವಳು ನನ್ನನ್ನು ಕೇಳಿದಳು.

"ನಾ ಏನರ ತಪ್ಪು ಮಾಡಿದ್ನೇನ್ರಿ, ಮೇಡಂ?"

"ನಿಂದೇನೂ ತಪ್ಪಿಲ್ಲವಾ. ನಿನ್ನ ತಲಿ ತಪ್ಪು ಕಡೆ ಬರತದಂತ ಮೊದಲನೇ ದಿನಾನ ನಾ ನೋಡಿದ್ದೆ."

ತಲೆ ತಿರುಗಿಸಲಾಗದೆ ಕಣ್ಣನ್ನಷ್ಟೇ ನನ್ನ ಕಡೆ ಹೊರಳಿಸಿದಳು.

"ನೋಡಿದ್ರಿ? ಮತ್ತ ಒಂದ್ ಮಾತು ಹೇಳಬೇಕಿಲ್ಲೇನ್ರಿ. ನೀವು ಹೇಳಿದ್ದು ಯಾವುದು ಮಾಡಿಲ್ಲ ನಾ?"



ನನ್ನ ಕೆಲಸ ಕಾಯಂ ಆಯಿತು. ಅವಳ ಎಡಗೈಯ ಎರಡು ಬೆರಳಿಗೆ ಇಂದಿಗೂ ಸ್ಪರ್ಶ ತಿಳಿಯುವುದಿಲ್ಲ, ಅವಳು ಮತ್ತೆ ಯಾವ ಆಟವನ್ನೂ ಆಡಲಿಲ್ಲ. ಆಡುವಾಗ ನಾನು ಪಣಕ್ಕಿಡುತ್ತಿದ್ದದ್ದು ನನ್ನ ಮೂಳೆಗಳನ್ನು. ಕೋಚ್ ಆದಮೇಲೆ ಸವಿತಾಳನ್ನು ಒಂದು ಮಾತೂ ಕೇಳದೆ ಅವಳ ಮೂಳೆಗಳನ್ನು ಪಣಕ್ಕಿಟ್ಟುಬಿಟ್ಟಿದ್ದೆ. ಈಗ ತಲೆ ಸರಿಯಾದ ಕಡೆ ಇಡಲು ಕಲಿಯುವ ತನಕ ಯಾರನ್ನೂ, ಎಂಥ ಗಟ್ಟಿಗಿತ್ತಿಯೇ ಆಗಿರಲಿ, ಬೆಂಚಿನಿಂದ ಏಳಿಸುವುದಿಲ್ಲ. ಹಾಗೆ ಎರಡು ಫೈನಲ್ ಸೋತಿದ್ದೇವೆ.