ನಮ್ಮ ಟ್ಯಾಂಕು ಕೆಟ್ಟು ನಿಂತಿರಲಿಲ್ಲ

ಸುದ್ದಗುಂಟೆಪಾಳ್ಯದ ಸುತ್ತ ಇನ್ನೂ ಖಾಲಿ ಸೈಟುಗಳಿದ್ದ ಕಾಲ ಅದು. ಯಾರೋ ಮನೆ ಕಟ್ಟಲೆಂದು ಒಂದು ಲಾರಿ ಮರಳು ಸುರಿಸಿದರೆ ಸಾಕು, ಮುಂದಿನ ಭಾನುವಾರ ಅದು ನಮ್ಮ ರಣರಂಗ. ಈಗ ಆ ದಿನಗಳನ್ನು ನೆನೆದು ಕಣ್ಣೊರೆಸಿಕೊಳ್ಳುವವರು ಬಹಳ. ನನಗೆ ಬರುವುದು ಕಣ್ಣೀರಲ್ಲ, ಸಿಟ್ಟು.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ನಾನು ಮೋಟಾರ್ ವೈಂಡಿಂಗ್ ಅಂಗಡಿ ಸೇರಿದ್ದೆ. ವಾರವಿಡೀ ವಾರ್ನಿಷ್ ವಾಸನೆ, ಭಾನುವಾರ ಮಾತ್ರ ಬಿಡುವು. ಹಾವೇರಿ ಕಡೆಯಿಂದ ಬಂದು ನಮ್ಮ ವಠಾರದಲ್ಲೇ ಬಾಡಿಗೆಗಿದ್ದ ಸಿದ್ದು ನನ್ನ ಜೊತೆಗಾರ. ಮುರಿದ ರಿಮೋಟ್ ಕಾರನ್ನು ಬಿಚ್ಚಿ, ಸೋಪಿನ ಡಬ್ಬಿಯೊಳಗೆ ಕೂರಿಸಿ, ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ ಪಟ್ಟಿ ಮಾಡಿ, ನಾವಿಬ್ಬರೂ ಯುದ್ಧದ ಟ್ಯಾಂಕು ಕಟ್ಟಿದೆವು. ಸ್ಕೆಚ್ ಪೆನ್ನಿನ ಕೊಳವೆಯೇ ತೋಪು, ಒಣ ಬಟಾಣಿಯೇ ಗುಂಡು. ಹಿಂದಕ್ಕೆ ಹೋಗುವ ಬಟನ್ ಒತ್ತಿದರೆ ದಾರ ಜಗ್ಗಿ ರಬ್ಬರ್ ಬ್ಯಾಂಡ್ ಸಿಡಿದು ಬಟಾಣಿ ಹಾರುವ ಹಾಗೆ ಮಾಡಿದ್ದೆ. ಹಾಗಾಗಿ ನಮ್ಮ ಟ್ಯಾಂಕಿಗೆ ಹಿಂದಕ್ಕೆ ಸರಿಯುವುದೇ ಗೊತ್ತಿರಲಿಲ್ಲ. ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನಕ್ಕೂ ಪಂಕ್ಚರ್ ಸೊಲ್ಯೂಷನ್ನಿನ ವಾಸನೆ ಹತ್ತಿರುತ್ತಿತ್ತು.

ನಮ್ಮ ಕಡೆ ಪಾಳ್ಯದ ಹುಡುಗರೆಲ್ಲ ಸೇರುತ್ತಿದ್ದರು; ಪಕ್ಕದ ಲೇಔಟಿನಿಂದ ತನ್ನ ಗುಂಪು ಕಟ್ಟಿಕೊಂಡು ಬರುತ್ತಿದ್ದವನು ಕಿರಣ. ಅವನದೂ ಕೈಯಲ್ಲೇ ಕಟ್ಟಿದ ಟ್ಯಾಂಕು. ಎದುರಾಳಿ ಟ್ಯಾಂಕಿನ ತಲೆಯ ಮೇಲಿಟ್ಟ ಸೋಡಾ ಮುಚ್ಚಳ ಬೀಳಿಸಿದವನು ಗೆದ್ದ ಹಾಗೆ. ಆದರೆ ತೊಡಕೊಂದಿತ್ತು. ಅಗ್ಗದ ಆಟಿಕೆಗಳ ರಿಮೋಟುಗಳದ್ದೆಲ್ಲ ಒಂದೇ ಫ್ರೀಕ್ವೆನ್ಸಿ. ನಾನು ಬಟನ್ ಒತ್ತಿದರೆ ಅವನ ಟ್ಯಾಂಕೂ ಓಡುತ್ತಿತ್ತು.

"ಹಿಂಗಾದ್ರೆ ಆಗಲ್ಲ ಮಗಾ," ಎಂದು ಕಿರಣನೇ ದಾರಿ ಹುಡುಕಿದ. "ನೀನು ಹೊಡೆಯೋವಾಗ ನಾನು ಆಫ್ ಮಾಡ್ತೀನಿ. ನಾನು ಹೊಡೆಯೋವಾಗ ನೀನು ಆಫ್ ಮಾಡು."

ಅಂದಿನಿಂದ ಅದೇ ಕಾನೂನು. ಒಂದು ಗುಂಡು ಹಾರಿಸಿದ ಮೇಲೆ ಟ್ಯಾಂಕಿನ ಹೊಟ್ಟೆಯಡಿಯ ಸ್ವಿಚ್ ಆರಿಸಿ, ಕೈಕಟ್ಟಿ ನಿಲ್ಲಬೇಕು. ಎದುರಾಳಿ ಹತ್ತಿರ ಬಂದು ಗುರಿಯಿಟ್ಟರೂ ನಮ್ಮದನ್ನು ಮುಟ್ಟುವ ಹಾಗಿಲ್ಲ. ಜಗಳಗಂಟರಾದ ನಾವು ಇದೊಂದನ್ನು ಮಾತ್ರ ಮೀರಿದವರಲ್ಲ.

ಒಂದು ಭಾನುವಾರ ಕಿರಣನ ಸೋದರಮಾವ ಬಂದರು. ಸೈಟು ಅವರದೇ. "ಇಷ್ಟು ಜನ ಸೇರಿದ್ರೆ ಮರಳೆಲ್ಲ ರೋಡಿಗೆ ಹೋಗುತ್ತೆ ಕಣ್ರೋ. ಪಾಯ ತೋಡೋ ತನಕ ಒಂದು ಗುಂಪು ಆಡ್ಲಿ, ಇನ್ನೊಂದು ಕಾಲಿಡಬಾರ್ದು. ಯಾರು ಅಂತ ನೀವೇ ಆಡಿ ತೀರ್ಮಾನ ಮಾಡ್ಕೊಳ್ಳಿ," ಎಂದು ಅವರೇ ಅಂಪೈರಾಗಿ ನಿಂತರು.

ಲೇಔಟಿನವರಿಗೆ ಪಾರ್ಕಿತ್ತು, ನಮಗೆ ಆ ಮರಳೇ ಎಲ್ಲ. ಮೊದಲ ಸರದಿ ನನ್ನದು. ಬಟಾಣಿ ಮುಚ್ಚಳವನ್ನು ಸವರಿಕೊಂಡು ಹೋಯಿತು, ಮುಚ್ಚಳ ಅಲ್ಲಾಡಿತು, ಬೀಳಲಿಲ್ಲ. ಕಾನೂನಿನಂತೆ ಸ್ವಿಚ್ ಆರಿಸಿ ಹಿಂದೆ ಸರಿದೆ. ಕಿರಣ ಹೊಡೆದ. ಅವನದೂ ತಪ್ಪಿತು. ಅವನಿನ್ನೂ ತನ್ನ ಟ್ಯಾಂಕು ಆರಿಸಿರಲಿಲ್ಲ, ಅಷ್ಟರಲ್ಲಿ ಮಾವ ಬಾಯಿ ಹಾಕಿದರು.

"ಏಯ್, ನಿನ್ನ ಗಾಡಿ ಯಾಕೋ ಅಲ್ಲಾಡ್ತಿಲ್ಲ?"

"ಆಫ್ ಮಾಡಿದೀನಿ ಅಂಕಲ್. ಅವನ ಸರದಿ ಅಲ್ವಾ."

"ಯುದ್ಧದಲ್ಲಿ ಯಾರಾದ್ರೂ ಆಫ್ ಮಾಡ್ತಾರಾ? ಕೆಟ್ಟು ನಿಂತಿದೆ ಅನ್ನು. ನಿಂತೋನು ಸೋತ, ಅಷ್ಟೇ."

ಸಿದ್ದು ಸಿಡಿದೆದ್ದ. "ನಿಂತೈತಿ ಅಂದ್ರ ಸತ್ತೈತೇನ್ರಿ? ಇದು ನಮ್ಮ ಆಟದ ರೂಲ್ ಐತ್ರಿ. ಅವನ್ನ ಕೇಳ್ರಿ, ರೂಲ್ ಮಾಡಿದಾಂವ ಅವನ!"

ಮಾವ ಕೇಳಿದರು, "ಹೌದೇನೋ ಕಿರಣ?"

ಕಿರಣ ತಲೆಯೆತ್ತಲಿಲ್ಲ. ರಿಮೋಟಿನ ಆಂಟೆನಾ ಎಳೆದ, ಮಡಚಿದ, ಮತ್ತೆ ಎಳೆದ. "ನಂಗೊತ್ತಿಲ್ಲ ಮಾಮಾ," ಎಂದ.

ನಾನು ಸ್ವಿಚ್ ಹಾಕಿ, ಅವರ ಕಣ್ಣೆದುರೇ ಟ್ಯಾಂಕನ್ನು ಮರಳಿನ ತುದಿಯವರೆಗೆ ಹತ್ತಿಸಿ ತೋರಿಸಿದೆ. ಪಕ್ಕದಲ್ಲೇ ಕಿರಣನ ಟ್ಯಾಂಕೂ ನನ್ನ ಬಟನ್ನಿಗೆ ಕುಣಿಯಿತು. "ನೋಡಿ ಅಂಕಲ್, ಅವನದೂ ಓಡ್ತಿದೆ. ಆಫ್ ಮಾಡ್ದೆ ಹೆಂಗೆ ಆಡೋದು?" ಎಂದೆ.

"ಸಾಕು ಹೋಗ್ರೋ, ಪಾಳ್ಯದೋರಿಗೆ ಸೋಲೋದಕ್ಕೂ ಬರಲ್ಲ," ಎಂದರು ಮಾವ.

ಪಾಯ ತೋಡುವವರೆಗೂ ನಾವು ಆ ಕಡೆ ಕಾಲಿಡಲಿಲ್ಲ. ಸಿದ್ದುವಿನ ಮನೆಯವರು ಬೇಗೂರಿನ ಕಡೆ ಬಾಡಿಗೆಗೆ ಹೋದರು. ಮತ್ತೆ ನಾನು ಟ್ಯಾಂಕು ಕಟ್ಟಲಿಲ್ಲ.

ಈಗ ನನ್ನದೇ ವೈಂಡಿಂಗ್ ಅಂಗಡಿಯಿದೆ. ಆ ಸೈಟಿನಲ್ಲೆದ್ದ ಕಟ್ಟಡದ ನೀರಿನ ಪಂಪು ಕೆಟ್ಟಾಗ ಕರೆಯುವುದೂ ನನ್ನನ್ನೇ. ಮೊನ್ನೆ ಹೋದಾಗ ಕೆಳಗೆ ಕಿರಣ ಸಿಕ್ಕಿದ. ಅವನ ಮಗನೂ ಪಕ್ಕದ ಮನೆಯ ಹುಡುಗನೂ ಅಂಗಡಿಯಿಂದ ತಂದ ಟ್ಯಾಂಕುಗಳನ್ನು ಒಟ್ಟಿಗೇ ಓಡಿಸುತ್ತಿದ್ದರು.

"ಈಗ ಒಂದೊಂದಕ್ಕೂ ಬೇರೆ ಬೇರೆ ಫ್ರೀಕ್ವೆನ್ಸಿ, ಯಾರೂ ಯಾರಿಗೂ ಕಾಯಬೇಕಿಲ್ಲ," ಎಂದು ಕಿರಣ ನಕ್ಕ. "ಆದ್ರೂ ಮಂಜ, ನಮ್ಮ ಆಟದ ಮಜಾನೇ ಬೇರೆ ಗುರು. ಎಷ್ಟು ನ್ಯಾಯವಾಗಿ ಆಡ್ತಿದ್ವಿ!"

ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. "ಕೊನೇ ಆಟ ಯಾರು ಗೆದ್ದಿದ್ದು?"

"ಅಯ್ಯೋ, ಅದೆಲ್ಲ ಯಾರಿಗೆ ನೆನಪಿರುತ್ತೆ ಬಿಡೋ."

ಹುಡುಗರ ಟ್ಯಾಂಕುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಗರಗರ ತಿರುಗುತ್ತಿದ್ದವು. ಯಾವುದೂ ನಿಲ್ಲಲಿಲ್ಲ. ಎದುರಾಳಿಗೆಂದು ತನ್ನದನ್ನು ತಾನೇ ಆರಿಸಿ, ಕೈಕಟ್ಟಿ ಕಾಯುವ ಆಟ ಆ ಮರಳಿನೊಂದಿಗೇ ಹೋಯಿತು. ಹೋಗಲಿ. ಆದರೆ ಅದನ್ನು ಕೊಂದವನೇ ನನ್ನೆದುರು ನಿಂತು ಅದನ್ನು ಹೊಗಳುವುದು ಬೇಡ. ನನ್ನ ಟ್ಯಾಂಕು ಅವತ್ತು ಕೆಟ್ಟು ನಿಂತಿರಲಿಲ್ಲ. ಅವನ ಮಾತು ನಂಬಿ ನಿಂತಿತ್ತು.